ಟಿಕೆಟ್ ಕೌಂಟರಿನ ಈಚೆ ಬದಿಯಲ್ಲಿ ನಾಲ್ಕು ದಿನ

ಮೊದಲ ದಿನ, ಗುರುವಾರ: ಅನಂತಪುರ, ಮಧೂರು

ಮೇ ತಿಂಗಳ ಕೊನೆಯ ಗುರುವಾರ ಬೆಳಗ್ಗೆ ಏಳು ಗಂಟೆಗೆ ನೀರ್ಚಾಲಿನ ಮನೆಯಿಂದ ಭಾವನ ಹಳೆಯ ಕಾರಿನಲ್ಲಿ ಹೊರಟೆವು. ಕೇರಳದಲ್ಲಿ ಶಾಲೆಗಳು ಜೂನ್ 1ಕ್ಕೆ ತೆರೆಯುತ್ತವೆ; ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನವೂ ಅದೇ. ಹಾಗಾಗಿ ಕಾಸರಗೋಡಿನ ಪ್ರವಾಸಿ ಹಂಗಾಮಿಗೆ ಉಳಿದಿದ್ದುದು ನಾಲ್ಕೇ ದಿನ, ಮತ್ತು ಆ ನಾಲ್ಕು ದಿನಗಳನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೆ. ಪುತ್ತೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನನ್ನು ಕಳೆದ ವರ್ಷ ಒಬ್ಬಳು ವಿದ್ಯಾರ್ಥಿನಿ, "ಸರ್, ಬೇಕಲ ಕೋಟೆಯ ಎದುರು ಬೊಂಡ ಮಾರುವವರು ಪ್ರವಾಸೋದ್ಯಮದ ಲೆಕ್ಕಕ್ಕೆ ಬರ್ತಾರಾ?" ಎಂದು ಕೇಳಿದ್ದಳು. ಬೊಂಡವೆಂದರೆ ನಮ್ಮ ಕಡೆಯ ಎಳನೀರು. ಅಸಂಘಟಿತ ವಲಯ, ಪರೋಕ್ಷ ಉದ್ಯೋಗ ಎಂದು ಪಠ್ಯಪುಸ್ತಕದ ಉತ್ತರ ಹೇಳಿ ಅವಳನ್ನು ಕುಳ್ಳಿರಿಸಿದ್ದೆ. ಆ ಉತ್ತರ ಅವಳಿಗೆ ಸಾಕಾಗಲಿಲ್ಲವೆಂಬುದು ಅವಳ ಮುಖದಲ್ಲಿ ಕಂಡಿತ್ತು, ನನಗೂ ಸಾಕಾಗಿರಲಿಲ್ಲ. ಹಂಗಾಮಿನ ನಡುವೆ ಹೋದರೆ ಎಲ್ಲರೂ ಗೆದ್ದವರಂತೆಯೇ ಕಾಣುತ್ತಾರೆ. ಬಾಗಿಲು ಮುಚ್ಚುವ ಹೊತ್ತಿಗೆ ಹೋದರೆ ಯಾರ ಪಾಲಿಗೆ ಏನು ಉಳಿಯಿತು, ಯಾರು ಯಾರಿಗೆ ಎಷ್ಟು ಕೊಡಲಿಕ್ಕೆ ಬಾಕಿ ಎಂಬುದು ತಿಳಿಯಬಹುದೆಂದು ನನ್ನ ಲೆಕ್ಕಾಚಾರ. ಭಾವನಿಗೆ ಇಂಥ ಲೆಕ್ಕಾಚಾರಗಳಲ್ಲಿ ನಂಬಿಕೆಯಿಲ್ಲ. ಅಡಿಕೆ ಸೋಗೆ ಕಟ್ಟುವ ಕೆಲಸ ಮುಗಿದು ಕೈ ಖಾಲಿ ಇದ್ದುದರಿಂದ ಬಂದ.

ಕುಂಬಳೆಯ ಬಳಿ ಒಳದಾರಿ ಹಿಡಿದು ಮುರಕಲ್ಲಿನ ಬಯಲಿಗೆ ಏರಿದರೆ ಅನಂತಪುರದ ಸರೋವರ ಕ್ಷೇತ್ರ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನವೆಂಬ ನಂಬಿಕೆ ಇದೆ. ಇಲ್ಲಿನ ಮೂಲ ವಿಗ್ರಹಗಳು ಶಿಲೆಯವಲ್ಲ, ಹಲವು ಔಷಧೀಯ ವಸ್ತುಗಳನ್ನು ಸೇರಿಸಿ ಮಾಡುವ ಕಡುಶರ್ಕರ ಪಾಕದವು. ಆದರೆ ಹೊರಗಿನವರಿಗೆ ಈ ಸ್ಥಳ ಗೊತ್ತಾದದ್ದು ಬಬಿಯ ಎಂಬ ಮೊಸಳೆಯಿಂದ. ನೈವೇದ್ಯದ ಅನ್ನ ತಿಂದು ಬದುಕಿದ್ದೆಂದು ಪ್ರಸಿದ್ಧವಾಗಿದ್ದ ಬಬಿಯ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು. ಒಂದು ವರ್ಷ ಕಳೆದು, 2023ರ ನವೆಂಬರಿನಲ್ಲಿ, ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಈ ಎರಡು ಘಟನೆಗಳ ನಡುವಿನ ವರ್ಷವನ್ನು ಭಕ್ತರು ಹೇಗೆ ಕಳೆದರೋ, ವಾಹನ ನಿಲ್ಲಿಸುವಲ್ಲಿ ಬೊಂಡ ಕೆತ್ತುತ್ತಿದ್ದ ಹಿರಿಯರು ಹೇಗೆ ಕಳೆದರೆಂಬುದನ್ನು ಅವರೇ ಹೇಳಿದರು.

"ಬಬಿಯ ಹೋದಾಗ ಒಂದು ತಿಂಗಳು ಜನವೇ ಜನ. ಮತ್ತೆ ಕಡಿಮೆ ಆಯ್ತು. ಎಂತ ಗೊತ್ತುಂಟಾ, ದೇವರನ್ನು ನೋಡ್ಲಿಕ್ಕೆ ಬಂದವರು ಮನೆಯಿಂದಲೇ ನೀರು ತರ್ತಾರೆ. ಮೊಸಳೆ ನೋಡ್ಲಿಕ್ಕೆ ಬಂದವರು ಬೊಂಡ ಕುಡೀತಾರೆ."

ತೋಟದಿಂದ ಬೊಂಡ ಯಾವ ಬೆಲೆಗೆ ಸಿಗುತ್ತದೆಂದು ಭಾವ ವಿಚಾರಿಸಿದ. ಕೃಷಿಕನಾದ್ದರಿಂದ ಅವನಿಗೆ ಆ ಕಡೆಯ ಲೆಕ್ಕ ಬೇಕಿತ್ತು. ಮರ ಹತ್ತಿದವನ ಕೂಲಿ, ರಿಕ್ಷಾ ಬಾಡಿಗೆ, ಒಡೆದದ್ದು, ಬಲಿತು ನೀರು ಸಿಹಿಯಿಲ್ಲದೆ ಹೋದದ್ದು, ಎಲ್ಲವನ್ನೂ ಕಳೆದು ಅವರು ಹೇಳಿದ ಉಳಿಕೆ ಒಂದು ಬೊಂಡಕ್ಕೆ ಹತ್ತು ರೂಪಾಯಿಗಿಂತ ಹೆಚ್ಚಿರಲಿಲ್ಲ. ಸಂಜೆ ಕುಡಿದು ಎಸೆದ ಚಿಪ್ಪುಗಳನ್ನು ಸಾಗಿಸುವ ಖರ್ಚೂ ಅವರದೇ. ಚಿಪ್ಪು ಉಳಿದರೆ ಮರುದಿನ ಆ ಜಾಗದಲ್ಲಿ ನಿಲ್ಲಬೇಡವೆಂದು ಹೇಳುವವರು ಇದ್ದಾರೆ. ಚಿಪ್ಪು ಒಯ್ಯುವವರು ಯಾರೂ ಇಲ್ಲ.

ಮಧೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1992ರ ಬಳಿಕ 2025ರಲ್ಲಿ ಇಲ್ಲಿನ ಗಣಪತಿ ದೇವಸ್ಥಾನದಲ್ಲಿ, ದೇವರನ್ನು ಅಪ್ಪಗಳಿಂದ ಮುಚ್ಚುವ ಮೂಡಪ್ಪ ಸೇವೆ ನಡೆದಾಗ ಮಧುವಾಹಿನಿಯ ದಡದಲ್ಲಿ ಸಾಲುಗಟ್ಟಿದ ಬಳೆ, ಐಸ್‌ಕ್ರೀಮು, ಚರುಮುರಿ ಅಂಗಡಿಗಳನ್ನು ನೋಡಿದ್ದ ನೆನಪಿತ್ತು. ಈಗ ಹೊಳೆ ಬತ್ತಿ, ಎರಡು ಹೂವಿನ ಬುಟ್ಟಿಗಳು ಮಾತ್ರ ಇದ್ದವು. ಪ್ರವಾಸೋದ್ಯಮವೆಂಬ ಶಬ್ದ ನಮ್ಮಲ್ಲಿ ಹೊಸತು. ಜಾತ್ರೆ ಎಂಬ ಹಳೆಯ ಶಬ್ದದೊಳಗೆ ದೇವರೂ ಬಳೆಯಂಗಡಿಯೂ ಒಟ್ಟಿಗೇ ಇದ್ದರು, ಸಂತೆಯಿಲ್ಲದ ಜಾತ್ರೆಯನ್ನು ಯಾರೂ ಜಾತ್ರೆಯೆನ್ನುತ್ತಿರಲಿಲ್ಲ. ರಾತ್ರಿ ಕಾಸರಗೋಡಿನಲ್ಲಿ ಉಳಿದೆವು.

ಎರಡನೆಯ ದಿನ, ಶುಕ್ರವಾರ: ಬೇಕಲ

ಚಂದ್ರಗಿರಿ ಸೇತುವೆ ದಾಟಿ ಕಳನಾಡು, ಉದುಮ, ಪಾಲಕುನ್ನು ಮಾರ್ಗವಾಗಿ ಬೇಕಲ ತಲುಪಿದಾಗ ಒಂಬತ್ತು ಗಂಟೆ. ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ, ಸುಮಾರು 40 ಎಕರೆ ವಿಸ್ತಾರದ ಈ ಮುರಕಲ್ಲಿನ ಕೋಟೆಯನ್ನು ನೋಡಲು ನಾವು ಚಿಕ್ಕವರಿದ್ದಾಗ ಟಿಕೆಟ್ಟೂ ಇರಲಿಲ್ಲ, ಜನರೂ ಇರಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ಕೇರಳ ಸರ್ಕಾರ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಸಮುದ್ರದ ಬದಿಯ ಜಾಗಗಳನ್ನು ಹೋಟೆಲು ಕಟ್ಟುವವರಿಗೆ ಗುತ್ತಿಗೆಗೆ ಕೊಡುವ ಏರ್ಪಾಡಾಯಿತು. ಒಂದು ಹಿಂದಿ ಹಾಗೂ ತಮಿಳು ಹಾಡಿನ ಚಿತ್ರೀಕರಣ ಆ ವರ್ಷಗಳಲ್ಲೇ ಈ ಬುರುಜುಗಳ ಮೇಲೆ ನಡೆದು, ಸರ್ಕಾರದ ಎರಡು ಪ್ರಕಟಣೆಗಳಿಂದ ಆಗದ ಪ್ರಚಾರವನ್ನು ಮಾಡಿಕೊಟ್ಟಿತು.

ತಲಾ 25 ರೂಪಾಯಿಯ ಟಿಕೆಟ್ ಕೊಂಡು ಒಳಗೆ ಹೋಗಿ, ವೀಕ್ಷಣಾ ಗೋಪುರ ಹತ್ತಿ, ಕಡಲ ಕಡೆಯ ಬುರುಜಿನವರೆಗೆ ನಡೆದು ಬರಲು ಒಂದೂವರೆ ತಾಸು ಹಿಡಿಯಿತು. ಒಳಗೆ ನೆರಳು ಕಡಿಮೆ, ಕೊಳ್ಳುವುದಕ್ಕೆ ಏನೂ ಇಲ್ಲ. ಇದು ಆಕಸ್ಮಿಕವಲ್ಲ. 1959ರ ಪ್ರಾಚೀನ ಸ್ಮಾರಕಗಳ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದೊಳಗೆ ಪರವಾನಗಿಯಿಲ್ಲದೆ ಸರಕು ಮಾರುವಂತಿಲ್ಲ, ಹಣ ಪಡೆದು ಪ್ರವಾಸಿಗರಿಗೆ ಸ್ಥಳ ತೋರಿಸುವಂತೆಯೂ ಇಲ್ಲ. 2010ರ ತಿದ್ದುಪಡಿಯ ಮೇಲೆ ಸಂರಕ್ಷಿತ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅಲ್ಲಿಂದಾಚೆಯ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ಕೋಟೆ ಉಳಿಯಬೇಕಾದರೆ ಇದೆಲ್ಲ ಬೇಕಾದದ್ದೇ, ನನ್ನ ತಕರಾರಿಲ್ಲ. ಆದರೆ ಇದರಿಂದಾಗಿ ಒಳಗೆ ಹುಟ್ಟಿದ ಬಾಯಾರಿಕೆ ಹೊರಗೇ ತೀರಬೇಕು, ಮತ್ತು ಹೊರಗೆ ಗೋಡೆ ಎಬ್ಬಿಸುವಂತಿಲ್ಲವಾದ್ದರಿಂದ ಅದನ್ನು ತೀರಿಸುವವರು ಚಕ್ರದ ಮೇಲೆಯೇ ನಿಂತಿರಬೇಕು. ಟಿಕೆಟ್ ಕೌಂಟರಿನ ಈಚೆ ಬದಿಯ ತಳ್ಳುಗಾಡಿಗಳ ಸಾಲನ್ನು ಕಂಡು "ಇವರೆಲ್ಲ ಕೋಟೆಯ ಅಂದ ಕೆಡಿಸುತ್ತಾರೆ" ಎಂದು ಬೆಂಗಳೂರಿನ ಕುಟುಂಬವೊಂದರ ಯಜಮಾನರು ಗೊಣಗಿದರು. ಗೊಣಗಿದ್ದು ಅದೇ ಗಾಡಿಯೊಂದರ ಬೊಂಡಕ್ಕೆ ಕೊಳವೆ ಸಿಕ್ಕಿಸಿಕೊಂಡು.

ನಾವು ನಿಂತದ್ದು ಭರಣಿಗಳ ಗಾಡಿಯ ಎದುರು. ಏಳು ಗಾಜಿನ ಭರಣಿಗಳಲ್ಲಿ ಏಳು ಬಣ್ಣ: ಸಿಪ್ಪೆ ಸಮೇತ ಸೀಳಿದ ಮಾವು, ನೆಲ್ಲಿಕಾಯಿ, ಅಂಬಟೆ, ಬಿಂಬುಳಿ, ಅನಾನಸು, ಕ್ಯಾರೆಟ್ಟು, ಕೊನೆಯದರಲ್ಲಿ ಇವೆಲ್ಲವುಗಳ ಚೂರು. ಉಪ್ಪುನೀರಿನ ಮೇಲ್ಮೈಯಲ್ಲಿ ಗಾಂಧಾರಿ ಮೆಣಸು ತೇಲುತ್ತಿತ್ತು. ಗಿರಾಕಿ ಬೆರಳು ತೋರಿಸಿದ ಭರಣಿಗೆ ಉದ್ದ ಹಿಡಿಯ ಸೌಟು ಇಳಿಸಿ, ಎರಡು ಹೋಳು ಎತ್ತಿ, ಮೆಣಸಿನ ಹುಡಿಯಲ್ಲಿ ಒಮ್ಮೆ ಹೊರಳಿಸಿ, ಕಾಗದದ ತುಂಡಿನ ಮೇಲಿಟ್ಟು ಕೊಡುವುದಕ್ಕೆ ಆ ಅಕ್ಕನಿಗೆ ಹತ್ತು ಸೆಕೆಂಡು ಬೇಡ. ಗಮನಿಸಬೇಕಾದ್ದು ಸೌಟು: ಅದರ ಹಿಡಿಗೆ ಭರಣಿಯ ಎತ್ತರದ ಗುರುತಿನಲ್ಲಿ ರಬ್ಬರು ಸುತ್ತಿದ್ದರು. ಅಷ್ಟರ ಕೆಳಗೆ ಕೈ ಇಳಿಯಬಾರದು, ಇಳಿದರೆ ನೀರು ಹಾಳಾಗುತ್ತದೆ, ಒಂದು ಭರಣಿ ಹಾಳಾದರೆ ಎರಡು ದಿನದ ದುಡಿಮೆ ಹೋಯಿತು. ಹೋಟೆಲಿನ ಅಡುಗೆಮನೆಯಲ್ಲಿ ಇದಕ್ಕೆ ನೈರ್ಮಲ್ಯದ ಮಾನದಂಡವೆಂದು ಹೆಸರಿಟ್ಟು ಗೋಡೆಗೆ ಬೋರ್ಡು ಹಾಕುತ್ತಾರೆ.

ಅವರ ತವರು ಮುಳ್ಳೇರಿಯ ಕಡೆ. ಮದುವೆಯಾಗಿ ಪಳ್ಳಿಕ್ಕರೆಗೆ ಬಂದವರು. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, ಗಿರಾಕಿಗಳಿಗಾಗಿ ಇಟ್ಟುಕೊಂಡಿದ್ದ ಮಲಯಾಳವನ್ನು ಬಿಟ್ಟು ನಮ್ಮ ಭಾಷೆಗೆ ಬಂದರು. ನಾನು ಮೇಷ್ಟ್ರ ಬುದ್ಧಿಯಲ್ಲಿ, ದಿನಕ್ಕೆ ಎಷ್ಟು ಲಾಭವೆಂದು ಕೇಳಿಬಿಟ್ಟೆ.

"ಲಾಭ ಅಂತ ಹೇಳ್ಲಿಕ್ಕೆ ಬರುವುದಿಲ್ಲ ಮಾಷ್ಟ್ರೇ. ಸಂಜೆ ಕೈಯಲ್ಲಿ ಉಳಿದದ್ದು ಉಂಟಲ್ಲ, ಅದರಲ್ಲಿ ನಾಳೆಯ ಅನಾನಸು ಬರ್ಬೇಕು, ಕುಟುಂಬಶ್ರೀಯ ಕಂತು ಹೋಗ್ಬೇಕು. ಮತ್ತೆ ಉಳಿದ್ರೆ ಅಕ್ಕಿ."

ಅವರ ಅಳತೆಯೇ ಸರಿ. ದುಡಿಯುವ ಬಂಡವಾಳ, ಸಾಲದ ಕಂತು, ಮನೆಯ ಖರ್ಚು ಇವು ಬೇರೆ ಬೇರೆ ಡಬ್ಬಿಗಳಲ್ಲಿ ಇರುವವರಿಗೆ ಮಾತ್ರ ಲಾಭವೆಂಬ ಅಂಕಿ ಸಿಗುತ್ತದೆ. ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆಯಾಗಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕರೆ ಕೂಟದಲ್ಲಿ ಅವರು ಸದಸ್ಯೆ. ಗಾಡಿ ಕೊಂಡದ್ದು ಆ ಸಾಲದಿಂದ. 2020ರಲ್ಲಿ ಕೇಂದ್ರ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಮೊದಲ ಹಂತದಲ್ಲಿ 10,000 ರೂಪಾಯಿ ಸಾಲ ಕೊಡುವ ಯೋಜನೆ ತಂದಾಗ ವಿಚಾರಿಸಿದ್ದರಂತೆ; ಅದು ನಗರಾಡಳಿತದ ವ್ಯಾಪ್ತಿಯವರಿಗೆಂದು ಗೊತ್ತಾಯಿತು. ಹತ್ತಿರದ ಹೊಸದುರ್ಗ (ಕಾಞಂಗಾಡು) ಪೇಟೆಯಲ್ಲಿ ಇದೇ ಗಾಡಿ ಇಟ್ಟಿದ್ದರೆ ಅರ್ಜಿ ಹಾಕಬಹುದಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೂ ನಗರಗಳನ್ನು ಕಣ್ಣಮುಂದಿಟ್ಟುಕೊಂಡೇ ಬರೆದದ್ದು: ಪಟ್ಟಣ ವ್ಯಾಪಾರ ಸಮಿತಿ, ಅದರಲ್ಲಿ ಕನಿಷ್ಠ ಶೇಕಡಾ 40ರಷ್ಟು ವ್ಯಾಪಾರಿಗಳದೇ ಪ್ರಾತಿನಿಧ್ಯ, ಐದು ವರ್ಷಕ್ಕೊಮ್ಮೆ ಸಮೀಕ್ಷೆ, ಸಮೀಕ್ಷೆ ಮುಗಿಯುವ ಮುನ್ನ ಯಾರನ್ನೂ ಎಬ್ಬಿಸಬಾರದೆಂಬ ರಕ್ಷಣೆ. ಒಳ್ಳೆಯ ಕಾಯ್ದೆ. ಆದರೆ ಜನ ನೋಡಲು ಹೋಗುವ ಕೋಟೆ, ಕಡಲು, ಬೆಟ್ಟ, ಕೆರೆಗಳಲ್ಲಿ ಬಹುಪಾಲು ಪೇಟೆಯ ಹೊರಗೆ ಗ್ರಾಮ ಪಂಚಾಯತಿಗಳಲ್ಲಿ ಇವೆ. ಬೇಕಲವೂ ಹಾಗೆಯೇ. ಜಗತ್ತಿನ ಪ್ರವಾಸಿ ಇಲ್ಲಿಗೆ ಬರಬಹುದು, ಕಾಯ್ದೆ ಬರುವುದಿಲ್ಲ.

ಹಾಗೆಂದು ಈ ಸಾಲಿಗೆ ಕಟ್ಟುಪಾಡು ಇಲ್ಲವೆಂದು ತಿಳಿಯಬಾರದು. ಅಕ್ಕನ ಪಕ್ಕದಲ್ಲಿ ಒಂದು ಗಾಡಿಯಷ್ಟು ಜಾಗ ಖಾಲಿ ಇತ್ತು. ಐಸ್‌ಕ್ಯಾಂಡಿಯವನ ತಾಯಿಗೆ ಹುಷಾರಿಲ್ಲದೆ ಅವನು ಮಂಗಳೂರಿನ ಆಸ್ಪತ್ರೆಯಲ್ಲಿದ್ದ. ಹಂಗಾಮಿನ ಕೊನೆಯ ವಾರ, ಒಂದೊಂದು ಅಡಿಗೂ ಬೆಲೆಯಿರುವಾಗ, ಹತ್ತು ದಿನಗಳಿಂದ ಆ ಜಾಗಕ್ಕೆ ಯಾರೂ ಸರಿದಿರಲಿಲ್ಲ. ಇಂಥವರ ವಲಯಕ್ಕೆ ಅಸಂಘಟಿತವೆಂಬ ಹೆಸರು ಯಾರು ಹುಡುಕಿದರೋ.

ಹನ್ನೊಂದೂವರೆಗೆ ಬೊಂಡ ತುಂಬಿದ ಪಿಕಪ್ ಬಂತು. ನಾಲ್ಕು ಗಾಡಿಗಳ ಎದುರು ಗೊನೆಗಳನ್ನು ಇಳಿಸಿ, ನಗದು ಎಣಿಸಿಕೊಂಡು, ಉಳಿದ ಗೊನೆಗಳನ್ನು ಚಾಲಕ ಟರ್ಪಾಲಿನಿಂದ ಮುಚ್ಚುತ್ತಿದ್ದಾಗ ಎಲ್ಲಿಗೆಂದು ಭಾವ ಕೇಳಿದ. ಹತ್ತಿರದ ದೊಡ್ಡ ಹೋಟೆಲೊಂದರ ಹಿಂಬಾಗಿಲಿಗೆ. ಅದೇ ಮರದ, ಅದೇ ಗೊನೆಯ ಬೊಂಡ ಅಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆಂಬುದು ನಮಗೆ ಬೇಕಿರಲಿಲ್ಲ. ಅದು ಎಲ್ಲರೂ ಹೇಳುವ ಮಾತು, ಹವಾನಿಯಂತ್ರಣಕ್ಕೂ ಮೇಜಿನ ಹೂವಿಗೂ ಖರ್ಚಿದೆ. ಕುತೂಹಲವಿದ್ದುದು ಹಣ ಯಾವಾಗ ಸಿಗುತ್ತದೆ ಎಂಬುದರಲ್ಲಿ.

"ಗಾಡಿಯವರು ಕೈಯಲ್ಲಿ ಕೊಡ್ತಾರೆ. ಅಲ್ಲಿ ಬಿಲ್ಲು ಕೊಟ್ಟು ಬರುವುದು. ಎರಡು ತಿಂಗಳು, ಕೆಲವೊಮ್ಮೆ ಮೂರು."

ಈ ಮೂರು ವಾಕ್ಯಗಳಿಗಾಗಿಯೇ ನಾನು ಪುತ್ತೂರಿನಿಂದ ಬಂದಿದ್ದೆನೆಂದು ಆಗ ಅನ್ನಿಸಿತು. ತೋಟದವನಿಗೆ ಪಿಕಪ್ಪಿನವನು ಅಂದೇ ಹಣ ಕೊಡಬೇಕು. ಆ ನಗದು ಬರುವುದು ತಳ್ಳುಗಾಡಿಗಳಿಂದ. ನಾಲ್ಕು ಗಾಡಿಯವರ ಬೆವರಿನ ನೋಟು ಪಿಕಪ್ಪಿನವನ ಕೈಯಲ್ಲಿ ತಿರುಗುವುದರಿಂದ ಹೋಟೆಲಿಗೆ ಎರಡು ತಿಂಗಳ ಬಡ್ಡಿಯಿಲ್ಲದ ಸಾಲ ಹುಟ್ಟುತ್ತದೆ. ದೊಡ್ಡವರು ಸಣ್ಣವರಿಗೆ ಅವಕಾಶ ಕೊಡುತ್ತಾರೆ, ಪ್ರವಾಸೋದ್ಯಮದ ಹಣ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂದು ನಾವು ತರಗತಿಯಲ್ಲಿ ಬರೆಸುತ್ತೇವೆ. ಇಲ್ಲಿ ಸಾಲ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಪೂರೈಕೆದಾರರಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಯಾಗಬೇಕೆನ್ನುತ್ತದೆ, ತಡವಾದರೆ ಬಡ್ಡಿಯನ್ನೂ ಹೇಳುತ್ತದೆ. ಅದು ನೋಂದಣಿಯಾದ ಉದ್ಯಮಗಳಿಗೆ. ಪಿಕಪ್ಪಿನ ಹಿಂದೆ 'ಅಮ್ಮನ ಆಶೀರ್ವಾದ' ಎಂದು ಬರೆದಿತ್ತು. ಬೇರೆ ನೋಂದಣಿ ಇರಲಿಲ್ಲ.

ಅಕ್ಕನ ಮಗನ ವಿಚಾರ ಬಂದದ್ದು ಊಟದ ಹೊತ್ತಿಗೆ, ಅವನೇ ಬುತ್ತಿ ತಂದಾಗ. ಇಪ್ಪತ್ತೆರಡರ ಹುಡುಗ, ಒಂದು ರೆಸಾರ್ಟಿನ ತೋಟದಲ್ಲಿ ಕೆಲಸ. ಅಂಗಿಯ ಮೇಲೆ ರೆಸಾರ್ಟಿನ ಹೆಸರಿದೆ, ಸಂಬಳ ಕೊಡುವವನು ಮಾತ್ರ ಗುತ್ತಿಗೆದಾರ. ಅಕ್ಟೋಬರಿನಿಂದ ಮೇವರೆಗೆ ದಿನವೂ ಕೆಲಸ. ಜೂನ್ ಬಂದರೆ "ಕರೆದಾಗ ಬಾ". ಕರೆಯದ ದಿನಗಳಲ್ಲಿ ಅವನು ತಾಯಿಯ ಗಾಡಿಗೆ ಅನಾನಸು ಸುಲಿಯುತ್ತಾನೆ. ಕೀತ್ ಹಾರ್ಟ್ ಎಂಬ ಮಾನವಶಾಸ್ತ್ರಜ್ಞ ಘಾನಾದ ಅಕ್ರಾ ನಗರದ ಬಡವರ ದುಡಿಮೆಯನ್ನು ಗಮನಿಸಿ ಅನೌಪಚಾರಿಕ ಆದಾಯವೆಂಬ ಮಾತನ್ನು ಬಳಕೆಗೆ ತಂದದ್ದು 1970ರ ದಶಕದ ಆರಂಭದಲ್ಲಿ. 1972ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕೀನ್ಯಾ ವರದಿಯಿಂದ ಅದು ಎಲ್ಲೆಡೆ ಹರಡಿತು. ಆಗ ಲೆಕ್ಕಕ್ಕೆ ಸಿಕ್ಕಿದ್ದು ನೋಂದಣಿಯಿಲ್ಲದ ಸಣ್ಣ ಉದ್ಯಮಗಳು. ನೋಂದಾಯಿತ ಸಂಸ್ಥೆಯೊಳಗೇ ಭದ್ರತೆಯಿಲ್ಲದೆ ದುಡಿಯುವವರನ್ನೂ ಅನೌಪಚಾರಿಕ ಉದ್ಯೋಗವೆಂದು ಎಣಿಸಬೇಕೆಂದು ಸಂಖ್ಯಾಶಾಸ್ತ್ರಜ್ಞರು ಒಪ್ಪಿಕೊಂಡದ್ದು 2003ರಲ್ಲಿ. ಆ ಅಳತೆಯಿಂದ 2018ರಲ್ಲಿ ಅದೇ ಸಂಘಟನೆ ಲೆಕ್ಕ ಹಾಕಿದಾಗ ಜಗತ್ತಿನ ದುಡಿಯುವವರಲ್ಲಿ ಶೇಕಡಾ 60ಕ್ಕಿಂತ ಹೆಚ್ಚು, ಅಂದರೆ ಸುಮಾರು 200 ಕೋಟಿ ಮಂದಿ, ಅದರೊಳಗೆ ಬಂದರು. ಗಾಡಿಯ ನೆರಳಿನಲ್ಲಿ ಅನ್ನ ಉಣ್ಣುತ್ತಿದ್ದ ತಾಯಿಮಗನಲ್ಲಿ ಒಬ್ಬರು ಬೀದಿಯಲ್ಲಿ, ಇನ್ನೊಬ್ಬ ಐಷಾರಾಮಿ ಹೋಟೆಲಿನಲ್ಲಿ. ಜೂನ್ ತಿಂಗಳ ಮಟ್ಟಿಗೆ ಇಬ್ಬರ ಸ್ಥಿತಿಯೂ ಒಂದೇ. ರೆಸಾರ್ಟಿಗೆ ಮಳೆಗಾಲದ ಸಂಬಳ ಉಳಿಯುತ್ತದೆ, ಹುಡುಗ ಉಪವಾಸ ಬೀಳುವುದಿಲ್ಲ. ನಡುವಿನ ಖರ್ಚನ್ನು ಭರಿಸುವುದು ಏಳು ಭರಣಿಗಳು.

ಹೊರಡುವಾಗ ಅಕ್ಕ, "ಆದಿತ್ಯವಾರ ಸಂಜೆ ಮನೆಗೆ ಬನ್ನಿ, ಹಂಗಾಮು ಮುಗಿದ ಮೇಲೆ ನಾವೆಂತ ಮಾಡ್ತೇವೆ ನೋಡ್ಬಹುದು" ಎಂದರು. ಗಾಡಿ ತೊಳೆದಿಟ್ಟು ಬೀಡಿ ಕಟ್ಟಲು ಕುಳಿತುಕೊಳ್ಳುತ್ತಾರೆಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಸಂಜೆ ಬೇಕಲ ಫೋರ್ಟ್ ರೈಲು ನಿಲ್ದಾಣದ ಹತ್ತಿರ ಚಹಾ ಕುಡಿಯುವಾಗ ಪರಿಚಯವಾದ ರಿಕ್ಷಾದವರ ಬಗ್ಗೆ ಒಂದು ಮಾತು. ಯಾವ ರೈಲು ಇಲ್ಲಿ ನಿಲ್ಲುತ್ತದೆ, ಯಾವುದು ಕಾಸರಗೋಡಿಗೇ ಹೋಗಿ ನಿಲ್ಲುತ್ತದೆ, ಯಾವ ವಸತಿಗೃಹದಲ್ಲಿ ನೀರು ಬರುವುದಿಲ್ಲ, ಇವೆಲ್ಲ ಅವರ ಬಾಯಲ್ಲೇ ಇವೆ. ಗಿರಾಕಿಯನ್ನು ಕರೆತಂದರೆ ಸಣ್ಣ ವಸತಿಗೃಹದವರು ಕಮಿಷನ್ ಕೊಡುತ್ತಾರೆ, ದೊಡ್ಡವರು ಗೇಟಿನಲ್ಲೇ ನಿಲ್ಲಿಸುತ್ತಾರೆ. ಕಮಿಷನ್ ಎಂದರೆ ಮೋಸವೆಂದು ಪ್ರವಾಸಿಗಳು ದೂರುತ್ತಾರೆ. ಅದೇ ಕಮಿಷನ್ನನ್ನು ಫೋನಿನ ಆ್ಯಪಿಗೆ ಕೊಟ್ಟರೆ ಯಾರೂ ದೂರುವುದಿಲ್ಲ.

ಮೂರನೆಯ ದಿನ, ಶನಿವಾರ: ನೀಲೇಶ್ವರ, ವಲಿಯಪರಂಬ

ಹೊಸದುರ್ಗದಿಂದ ನೀಲೇಶ್ವರಕ್ಕೆ ಹೋಗುವಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಕೋಟ್ಟಪ್ಪುರಂ ಕಡವಿನಲ್ಲಿ ದೋಣಿಮನೆಗಳು ಸಾಲಾಗಿ ಕಟ್ಟಿಕೊಂಡಿದ್ದವು. ಇಲ್ಲಿಂದ ದಕ್ಷಿಣಕ್ಕೆ ಹಿನ್ನೀರು; ಹಿನ್ನೀರಿಗೂ ಕಡಲಿಗೂ ನಡುವೆ ಸುಮಾರು 24 ಕಿಲೋಮೀಟರು ಉದ್ದಕ್ಕೆ ಪಟ್ಟಿಯಂತೆ ಮಲಗಿರುವ ವಲಿಯಪರಂಬ. ದೋಣಿಮನೆಯ ಬಾಡಿಗೆ ನಮ್ಮ ಕಿಸೆಗೆ ಒಗ್ಗದೆ ಜನರನ್ನು ದಾಟಿಸುವ ದೋಣಿ ಹತ್ತಿದೆವು.

ಈ ದಿನ ಕಂಡದ್ದರಲ್ಲಿ ಹೇಳಬೇಕಾದದ್ದು ಪಚ್ಚಿಲೆಯ ಬೇಸಾಯ. ಮಲಯಾಳಿಗಳು ಕಲ್ಲುಮ್ಮಕ್ಕಾಯಿ ಎನ್ನುವ ಈ ಚಿಪ್ಪುಜೀವಿ ಮೂಲದಲ್ಲಿ ಕಡಲಬಂಡೆಗೆ ಅಂಟಿ ಬೆಳೆಯುವಂಥದು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಧಾನವನ್ನು 1990ರ ದಶಕದ ಕೊನೆಯಲ್ಲಿ ಇಲ್ಲಿನ ಹೆಂಗಸರ ಗುಂಪುಗಳು ಕೈಗೆತ್ತಿಕೊಂಡು ಹಿನ್ನೀರಿನಲ್ಲಿ ಸಾಕಲಾರಂಭಿಸಿದವು. ದಡದ ಮನೆಯೊಂದರ ಅಂಗಳದಲ್ಲಿ ಒಬ್ಬರು ಹಗ್ಗವನ್ನು ಹಿಡಿದು ತೋರಿಸಿದರು: ನವೆಂಬರ್, ಡಿಸೆಂಬರಿನಲ್ಲಿ ಬೀಜವನ್ನು ಹಗ್ಗದ ಸುತ್ತ ಹರಡಿ, ಹತ್ತಿಯ ತೆಳು ಬಟ್ಟೆಯಿಂದ ಸುತ್ತಿ ಹೊಲಿದು, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ನೀರಿನಲ್ಲಿ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮದೇ ನಾರಿನಿಂದ ಹಗ್ಗವನ್ನು ಹಿಡಿದಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಯ್ಲು. ಮುಂಗಾರಿನ ಸಿಹಿನೀರು ಹೊಳೆಗಳಿಂದ ಇಳಿದು ಹಿನ್ನೀರಿನ ಉಪ್ಪು ತಗ್ಗಿತೆಂದರೆ ಉಳಿದದ್ದೆಲ್ಲ ಸಾಯುತ್ತದೆ. ಅವರ ಚಪ್ಪರದಲ್ಲಿ ಇನ್ನೂ ಇಪ್ಪತ್ತು ಹಗ್ಗಗಳಿದ್ದವು.

ಪ್ರವಾಸಿಯ ಹಂಗಾಮು ಮತ್ತು ಪಚ್ಚಿಲೆಯ ಹಂಗಾಮು ಒಂದೇ ದಿನ ಮುಗಿಯುವುದರಲ್ಲಿ ಒಂದು ತೊಡಕಿದೆ. ಮೇ ಕೊನೆಯ ವಾರ ಎಲ್ಲರೂ ಒಟ್ಟಿಗೇ ಕೊಯ್ಯುವುದರಿಂದ ಬೆಲೆ ಬೀಳುತ್ತದೆ. ಅದೇ ವಾರ ದೋಣಿಮನೆಗಳಿಗೆ ಗಿರಾಕಿಗಳ ನುಗ್ಗಾಟವಿದ್ದು ಅಡುಗೆಯವರು ಹೆಚ್ಚು ಕೊಳ್ಳುತ್ತಾರೆ, ಆದರೆ ಮಾರುಕಟ್ಟೆಯ ಬಿದ್ದ ಬೆಲೆಗೆ. ಅಕ್ಕಿಹಿಟ್ಟು ತುಂಬಿ ಬೇಯಿಸಿ ಹುರಿದ ಅರಿಕ್ಕಡುಕ್ಕವನ್ನು ಸ್ಥಳೀಯ ಸವಿಯೆಂದು ಬಡಿಸುವಾಗ ಬೆಲೆ ಬಿದ್ದಿರುವುದಿಲ್ಲ. "ಅವರದ್ದೂ ತಪ್ಪಲ್ಲ, ಅವರಿಗೂ ಇನ್ನು ಮೂರು ತಿಂಗಳು ಕೆಲಸ ಇಲ್ಲ" ಎಂದು ನಮ್ಮ ದೋಣಿಯವರು ದೋಣಿಮನೆಯ ಅಡುಗೆಯವನ ಪರ ವಹಿಸಿದರು. ಅವರೇ ಹೇಳಿದಂತೆ, ಅಲ್ಲಿ ದುಡಿಯುವ ಮೂವರಿಗೆ ಸಿಗುವುದು ಯಾತ್ರೆಯೊಂದಕ್ಕೆ ಇಷ್ಟೆಂದು ಕೂಲಿ. ಯಾತ್ರೆಯಿಲ್ಲದ ದಿನ ದೋಣಿಯ ನೀರು ಹೊರಹಾಕಿದರೆ ಚಹಾ.

ನ್ಯಾಯಕ್ಕಾಗಿ ಹೇಳಬೇಕು, ಕೇರಳ ಸರ್ಕಾರಕ್ಕೆ ಈ ವಿಷಯ ಗೊತ್ತಿಲ್ಲದ್ದಲ್ಲ. 2008ರಲ್ಲಿ ಕುಮರಗಂ ಮೊದಲಾದ ಕಡೆ ಶುರುವಾದ ಜವಾಬ್ದಾರಿಯುತ ಪ್ರವಾಸೋದ್ಯಮದ ಪ್ರಯೋಗಕ್ಕೆ 2017ರಲ್ಲಿ ಮಿಷನ್ನಿನ ರೂಪ ಬಂತು. ಕುಮರಗಂನಲ್ಲಿ ತರಕಾರಿ ಬೆಳೆಯುವವರಿಗೂ ಹೋಟೆಲುಗಳಿಗೂ ನಡುವೆ ಕುಟುಂಬಶ್ರೀಯ ಗುಂಪುಗಳನ್ನು ನಿಲ್ಲಿಸಿ ಖರೀದಿಗೆ ಒಂದು ವ್ಯವಸ್ಥೆ ಮಾಡಿದ್ದು ನನ್ನ ದೃಷ್ಟಿಯಲ್ಲಿ ಆ ಪ್ರಯೋಗದ ನಿಜವಾದ ಕೆಲಸ. ಮಡಲು ಹೆಣೆಯುವುದನ್ನು, ನಾರು ಹೊಸೆಯುವುದನ್ನು ಪ್ರವಾಸಿಗಳಿಗೆ ತೋರಿಸಿ ಹಣ ಪಡೆಯುವ 'ಗ್ರಾಮಜೀವನದ ಅನುಭವ'ದ ಬಗ್ಗೆ ನನಗೆ ಮೊದಲು ಸ್ವಲ್ಪ ಮುಜುಗರವಿತ್ತು, ಬಡತನಕ್ಕೆ ಟಿಕೆಟ್ ಹಚ್ಚಿದ ಹಾಗೆ. ಭಾವನಿಗೆ ಇರಲಿಲ್ಲ. "ನಿನ್ನ ಪಾಠಕ್ಕೆ ಸಂಬಳ ಇಲ್ವಾ? ಮಡಲು ಹೆಣೆದದ್ದನ್ನು ಕೊಳ್ಳುವವ ಇಲ್ಲ, ಹೆಣೆಯುವುದನ್ನು ನೋಡ್ಲಿಕ್ಕೆ ದುಡ್ಡು ಕೊಡುವವ ಇದ್ದಾನೆ ಅಂತಾದ್ರೆ ಅದನ್ನೇ ಮಾರ್ಬೇಕು." ಉತ್ತರ ಹೊಳೆಯಲಿಲ್ಲ. ಅಂಗಳದ ಹೆಂಗಸು ಹಗ್ಗ ತೋರಿಸಿದ್ದಕ್ಕೆ ನಾನು ಏನೂ ಕೊಟ್ಟಿರಲಿಲ್ಲವೆಂಬುದು ಆಮೇಲೆ ನೆನಪಾಗಿ, ಹಿಂದೆ ಹೋಗಿ ಒಂದು ಕಿಲೋ ಪಚ್ಚಿಲೆ ಕೊಂಡೆ. ಪಚ್ಚಿಲೆ ತಿನ್ನದ ನಮ್ಮಿಬ್ಬರ ಕೈಯಿಂದ ಅದು ವಸತಿಗೃಹದ ಕಾವಲುಗಾರರ ಮನೆಗೆ ಹೋಯಿತು.

ನಾಲ್ಕನೆಯ ದಿನ, ಆದಿತ್ಯವಾರ: ರಾಣಿಪುರಂ ದಾರಿ, ಪಳ್ಳಿಕ್ಕರೆ

ಇರುಳಿಡೀ ಮಳೆ. ಪಾಣತ್ತೂರು ಮಾರ್ಗವಾಗಿ ರಾಣಿಪುರಂ ಬೆಟ್ಟ ಹತ್ತಬೇಕೆಂದಿದ್ದೆವು. ಬುಡಕ್ಕೆ ಮುಟ್ಟುವಾಗ ಮಳೆಯ ಕಾರಣ ಚಾರಣ ನಿಲ್ಲಿಸಿದ್ದರು. ಅಲ್ಲಿ ಪ್ರವೇಶ, ದಾರಿ ತೋರಿಸುವುದು ಎಲ್ಲವನ್ನೂ ಊರವರೇ ಇರುವ ಅರಣ್ಯ ಸಂರಕ್ಷಣಾ ಸಮಿತಿ ನೋಡಿಕೊಳ್ಳುತ್ತದೆ. ಮಾತಾಡಿಸಬೇಕೆಂದಿದ್ದ ಮಂದಿ ಮನೆಗೆ ಹೋಗಿಯಾಗಿತ್ತು. ಟರ್ಪಾಲಿನ ಕೆಳಗೆ ಮೂರು ಜೀಪು, ಕಾಲಿಗೆ ಹತ್ತಿದ ಎರಡು ಇಂಬಳ, ಇಷ್ಟೇ ಆ ಊರಿನ ನೆನಪು.

ಮಧ್ಯಾಹ್ನ ಮೂರಕ್ಕೆ ಬೇಕಲದ ಎದುರು ಹಾದುಹೋದೆವು. ಗಾಡಿಗಳ ಸಾಲಿನಲ್ಲಿ ಉಳಿದದ್ದು ಎರಡು. ಐಸ್‌ಕ್ಯಾಂಡಿಯವನ ಜಾಗ ಈಗಲೂ ಖಾಲಿ ಇತ್ತು, ಎರಡೂ ಬದಿಯಲ್ಲಿ ಬೇಕಾದಷ್ಟು ಖಾಲಿಯಿದ್ದುದರಿಂದ ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಇವತ್ತು ಗೊತ್ತಾಗುತ್ತಿರಲಿಲ್ಲ.

ಪಳ್ಳಿಕ್ಕರೆಯ ಒಳಗಿನ ಆ ಮನೆಯನ್ನು ಹುಡುಕಿ ತಲುಪಿದಾಗ ತೊಳೆದು ಬೋರಲು ಹಾಕಿದ ಏಳು ಭರಣಿಗಳು ಜಗಲಿಯಲ್ಲಿದ್ದವು. ನಾನು ಊಹಿಸಿದ್ದು ಅಷ್ಟರ ಮಟ್ಟಿಗೆ ಸರಿ. ಬೀಡಿಯ ಮೊರ ಮಾತ್ರ ಎಲ್ಲೂ ಕಾಣಲಿಲ್ಲ. ಹಿತ್ತಿಲಿನ ಶೀಟಿನ ಮಾಡಿನ ಅಡಿ ಮೂರು ನೀಲಿ ಡ್ರಮ್ಮುಗಳು, ನೆಲದ ತುಂಬ ಗೋಣಿ ಹಾಸಿ ಹರಡಿದ ಮಾವಿನಕಾಯಿ. ಮಗ ತೊಟ್ಟು ತೆಗೆಯುತ್ತಿದ್ದ. ಶನಿವಾರ ಸಂಜೆಯೇ ಗುತ್ತಿಗೆದಾರ "ಕರೀತೇನೆ" ಎಂದು ಹೇಳಿಯಾಗಿತ್ತು. ನೆರೆಯ ಇಬ್ಬರು ಹೆಂಗಸರು ಪೆಟ್ಟಾದ ಕಾಯಿಗಳನ್ನು ಬೇರೆ ಮಾಡುತ್ತಿದ್ದರು. ಮೊದಲ ಮಳೆಗಾಳಿಗೆ ಉದುರಿದ ಕಾಯಿಗಳನ್ನು ತೋಟದವರು ಸಿಕ್ಕಿದ ಬೆಲೆಗೆ ಕೊಡುತ್ತಾರಂತೆ. ಅದಕ್ಕಾಗಿ ಕೂಟದಿಂದ ಪುನಃ ಸಾಲ ಎತ್ತಿದ್ದರು. ಈಗ ಉಪ್ಪಿಗೆ ಬಿದ್ದ ಕಾಯಿ ಓಣಂ ರಜೆಗೆ ಭರಣಿಗೆ ಏರುತ್ತದೆ. ಆಗ ಪೇಟೆಯಲ್ಲಿ ಮಾವಿನಕಾಯಿ ಇರುವುದಿಲ್ಲ.

"ಹಾಳಾದ್ರೆ?" ಎಂದು ಕೇಳಿದೆ.

"ಒಂದು ಡ್ರಮ್ಮು ಹಾಳಾಗ್ತದೆ ಅಂತಲೇ ಲೆಕ್ಕ. ಎರಡು ಉಳಿದ್ರೆ ಸಾಕು" ಎಂದು ಅಕ್ಕ ಹೇಳಿ, ಕಾಯಿಯ ಮೇಲೆ ಒಂದು ಪದರ ಕಲ್ಲುಪ್ಪು ಎರಚಿ, ಮತ್ತೆ ಕಾಯಿ, ಮತ್ತೆ ಉಪ್ಪು ಹಾಕುತ್ತಾ ಹೋದರು. ಭಾವ ಪಂಚೆ ಎತ್ತಿ ಕಟ್ಟಿ ಗೋಣಿಯ ಬದಿಯಲ್ಲಿ ಕುಕ್ಕರಿಸಿದ. ಕಾಯಿಯೊಂದನ್ನು ಮೂಗಿಗೆ ಹಿಡಿದು ನೋಡಿ, ಸೊನೆ ಜಾಸ್ತಿ ಉಂಟು, ತೊಟ್ಟು ಇನ್ನು ಸ್ವಲ್ಪ ಉದ್ದ ಬಿಡಬೇಕಿತ್ತು ಎಂದ. ಅದರ ಮೇಲೆ ಅವರಿಬ್ಬರಿಗೂ ಚರ್ಚೆ ಹತ್ತಿತು. ಮಳೆ ಪುನಃ ಜೋರಾದ್ದರಿಂದ ನಾವು ಕತ್ತಲಾಗುವವರೆಗೆ ಅಲ್ಲೇ ಇದ್ದೆವು. ಎರಡನೆಯ ಡ್ರಮ್ಮಿನ ಅರ್ಧದವರೆಗೆ ತೊಟ್ಟು ತೆಗೆದವರಲ್ಲಿ ನಾನೂ ಒಬ್ಬ.